ಮಕ್ಕಳ ಲೆಕ್ಕ, ಕೋಣೆಯ ಲೆಕ್ಕ

ಮುಂದಿನ ವರ್ಷಗಳಲ್ಲಿ ಯಾವ ಶಾಲೆಗೆ ಎಷ್ಟು ಮಕ್ಕಳು ಬರುತ್ತಾರೆ, ಎಷ್ಟು ಕೋಣೆ ಬೇಕು ಎಂದು ಮೊದಲೇ ಹೇಳುವುದು ನನ್ನ ಕೆಲಸ. ಭಟ್ಕಳ, ಹೊನ್ನಾವರ, ಕುಮಟಾ ಮೂರೂ ತಾಲೂಕಿನಲ್ಲಿ ಇದನ್ನೇ ಮಾಡಿದ್ದೇನೆ. ಜ್ಯೋತಿಷಿಯ ಮಾತು ತಪ್ಪಿದರೆ ಗ್ರಹಚಾರ ಅನ್ನುತ್ತಾರೆ. ನನ್ನದು ತಪ್ಪಿದರೆ ಒಂದು ತರಗತಿ ಜಗಲಿಗೆ ಬೀಳುತ್ತದೆ. ಹಾಗಾಗಿ ನಾನು ನಗುವುದು ಕಡಿಮೆ. ನಗುವಂಥದ್ದು ಆಗುವುದು ಮಾತ್ರ ನಿಂತಿಲ್ಲ.

ಒಬ್ಬನ ಸಂಗಡ

ಮುಟ್ಟಳ್ಳಿಯಲ್ಲಿ ಮನೆಮನೆಗೆ ಹೋಗಿ, ಶಾಲೆಗೆ ಸೇರಲಿರುವ ಮಕ್ಕಳೆಷ್ಟು ಎಂದು ಕೇಳುತ್ತಿದ್ದೆ. ಒಂದು ಕೂಡುಮನೆಯ ಅಜ್ಜಿ ಬಾಗಿಲಿಗೆ ಅಡ್ಡ ನಿಂತರು. ಅವರ ಸೀರೆಯ ಹಿಂದಿನಿಂದ ತಲೆಗಳು ಇಣುಕುತ್ತಿದ್ದವು.

"ಮಕ್ಳನ್ನ ಎಣಿಸುಕಾಗ ಅಕ್ಕೋರೆ, ದೃಷ್ಟಿ ಆತದೆ" ಎಂದರು. ನಾನು ಬಿಡಲಿಲ್ಲ. ಕೊನೆಗೆ ಅಜ್ಜಿಯೇ ಸೋತರು. "ಆತು, ಒಬ್ಬನ್ನ ಬರ್ಕಳಿ."

ಕೇರಿಯ ಅಜ್ಜಿಯರೆಲ್ಲ ಹೀಗೇ ಮಕ್ಕಳನ್ನು ಮುಚ್ಚಿಟ್ಟು ಲೆಕ್ಕ ಕೊಟ್ಟಿದ್ದಾರೆಂದು ಗೊತ್ತಾದದ್ದು ಶಾಲೆ ತೆರೆದ ದಿನ. ಈ ಅಜ್ಜಿ ನಾಲ್ವರನ್ನು ಕರೆತಂದಿದ್ದರು. ಇವರೆಲ್ಲ ಯಾರು ಎಂದೆ.

"ನೀವು ಬರ್ಕಂಡವ ಇವ. ಉಳದವ್ರು ಇವ್ನ ಸಂಗ್ತಿಗೆ ಬಂದವ್ರು."

ದೂರದೃಷ್ಟಿ

ಕತಗಾಲದ ಕಡೆಯ ಒಂದು ಶಾಲೆಯದು ಇದಕ್ಕೆ ಉಲ್ಟಾ. ಕೋಣೆ ಇದೆ, ಬೆಂಚು ಇದೆ, ಮಕ್ಕಳಿಲ್ಲ. ಅದೇ ಹೊತ್ತಿಗೆ ಹೊನ್ನಾವರದ ಕಡಲ ಕೇರಿಯ ಶಾಲೆಯೊಂದರಲ್ಲಿ ಒಂದನೇ ತರಗತಿ ನೆಲದ ಮೇಲೆ ಕೂರುತ್ತಿತ್ತು. ಕೆಲವು ಬೆಂಚು ಅಲ್ಲಿಗೆ ಸಾಗಿಸೋಣವೆಂದು ಊರಿನ ಹಿರಿಯರೊಬ್ಬರನ್ನು ಕೇಳಿದೆ.

"ಬೆಂಚು ಇದ್ದು, ಕೊಡಲೆ ಆಗ್ತಿಲ್ಲೆ. ಮುಂದೆ ಹುಡ್ರು ಬತ್ತ, ಕೂಪಲೆ ಬೇಕು."

ಖುಷಿಯಾಗಿ ಪೆನ್ನು ತೆಗೆದೆ. ಯಾರ ಮನೆಯ ಮಕ್ಕಳು ಎಂದೆ.

"ಎರಡು ಮನೆಲಿ ಜಾತಕ ಕೂಡಿ ಬೈಂದು."

ಬೆಂಚು ಬಿಟ್ಟು ಬಂದೆ. ನಮ್ಮ ಇಲಾಖೆ ಅಷ್ಟು ಮುಂದಿನದನ್ನು ಯೋಚಿಸಿದ್ದು ನಾನು ಕಂಡಿಲ್ಲ.

ದೊಡ್ಡಕ್ಕೋರ ಮರ್ಯಾದೆ

ಆ ಕಡಲ ಕೇರಿಯ ಶಾಲೆಯ ಮುಖ್ಯ ಶಿಕ್ಷಕಿಯನ್ನು ಊರೆಲ್ಲ ದೊಡ್ಡಕ್ಕೋರು ಎನ್ನುತ್ತಿತ್ತು. ಮಕ್ಕಳು ವರ್ಷವರ್ಷ ಹೆಚ್ಚುತ್ತಿದ್ದರು, ಕೋಣೆ ಹೆಚ್ಚಲಿಲ್ಲ. ಮಳೆಯ ಎರಚಲು ಜಗಲಿಗೆ ಬಂದರೆ ಅವರು ಅಲ್ಲಿ ಕೂತ ಒಂದನೇ ತರಗತಿಯನ್ನು ಎಬ್ಬಿಸಿ ಗೋಡೆಗೆ ಒತ್ತಿ ನಿಲ್ಲಿಸಿ, ನಿಂತಲ್ಲೇ ಪಾಠ ಹೇಳುತ್ತಿದ್ದರು. ನಿವೃತ್ತಿಗೆ ಮೊದಲು ಒಂದು ಕೋಣೆ ಕಾಣಬೇಕು, ಅಷ್ಟೇ ಅವರ ಆಸೆ.

ಕೊನೆಗೂ ಕೋಣೆ ಮಂಜೂರು ಮಾಡುವ ನಮ್ಮ ಸಾಹೇಬರು ನೋಡಲು ಬರುತ್ತಾರೆಂದಾಯಿತು. ಎಲ್ಲ ಇದ್ದ ಹಾಗೇ ಇರಲಿ ಎಂದು ದೊಡ್ಡಕ್ಕೋರಿಗೆ ಹೇಳಿದ್ದೆ. ಹೋಗಿ ನೋಡಿದರೆ ಜಗಲಿ ತೊಳೆದು ರಂಗೋಲಿ ಹಾಕಿದೆ, ಒಳಗೆ ಬೆಂಚಿಗೆ ಇಬ್ಬಿಬ್ಬರೇ ಮಕ್ಕಳು. ಸಾಹೇಬರು ಮೆಚ್ಚಿಕೊಂಡರು. "ಚೆನ್ನಾಗಿ ಇಟ್ಟಿದ್ದೀರಿ. ಜಾಗವೂ ಬೇಕಾದಷ್ಟಿದೆಯಲ್ಲ?"

ದೊಡ್ಡಕ್ಕೋರು ಉಳಿದ ಮಕ್ಕಳನ್ನು ಹುಡುಕಿ ಹೊರಗೆ ಇಣುಕಿದರು. ನಾನು ಶಾಲೆಯ ಅಡುಗೆಯವರನ್ನು ಮೆಲ್ಲಗೆ ಕೇಳಿ ವಿಷಯ ತಿಳಿದುಕೊಂಡೆ, ಎಳನೀರು ಕುಡಿಸುವ ನೆಪದಲ್ಲಿ ಸಾಹೇಬರನ್ನು ದಂಡೆಗೆ ನಡೆಸಿದೆ. ದೊಡ್ಡಕ್ಕೋರೂ ಹಿಂದೆ ಬಂದರು.

ಮಳೆಗಾಲಕ್ಕೆಂದು ಮೇಲೆಳೆದಿಟ್ಟ ದೋಣಿ. ಅದರ ತಾಡಪಾಲಿನ ಕೆಳಗೆ ಉಳಿದ ಮಕ್ಕಳೆಲ್ಲ ಒಬ್ಬರ ಮೇಲೊಬ್ಬರು. ಕಾವಲಿಗೆ ತಾಯಂದಿರು.

"ಇವರು ಯಾವ ಶಾಲೆಯವರು?" ಎಂದರು ಸಾಹೇಬರು.

"ಇದೇ ಶಾಲೆಯವ್ರು ಸಾಹೇಬ್ರೆ" ಎಂದಳು ಮೀನು ಮಾರುವ ಒಬ್ಬ ತಾಯಿ. "ನೀವು ಬಂದಾಗ ಈ ಸಂತೆ ಕಂಡ್ರೆ ದೊಡ್ಡಕ್ಕೋರಿಗೆ ಹೆಸ್ರು ಕೆಡ್ತದಲ್ಲ? ಎಂತ ಹೆದ್ರಬೇಡಿ, ನೀವು ಹೋಗುವರಿಗೂ ಇಲ್ಲೇ ಇರ್ತ್ರು."

ಸಾಹೇಬರು ತಾಡಪಾಲು ಎತ್ತಿ ನೋಡಿದರು. "ಇಲ್ಲೂ ಜಾಗ ಸಾಲದು" ಎಂದರು. ದೊಡ್ಡಕ್ಕೋರು ಸೆರಗಿನಿಂದ ಕಣ್ಣು ಒರೆಸಿಕೊಂಡರು.

ಕೋಣೆ ಬಂತು, ಅವರ ನಿವೃತ್ತಿಗೆ ಸ್ವಲ್ಪ ಮೊದಲೇ. ಉದ್ಘಾಟನೆಗೆ ಅದೇ ಸಾಹೇಬರು ಬಂದರು. ಹೊಸ ಕೋಣೆಯನ್ನು ತೊಳೆದು, ಹೊಸಿಲಿಗೆ ರಂಗೋಲಿ ಹಾಕಿ, ಒಳಗೆ ಒಂದು ಮಗುವನ್ನೂ ಬಿಟ್ಟಿರಲಿಲ್ಲ. ಸಾಹೇಬರು ಕತ್ತರಿಯನ್ನು ದೊಡ್ಡಕ್ಕೋರ ಕೈಗೆ ಕೊಟ್ಟು, ಯಾರನ್ನೂ ಏನೂ ಕೇಳದೆ ನೇರ ದೋಣಿಯ ಕಡೆ ನಡೆದರು.