ದರ್ಜಿಯ ಹಾಯಿ

ಗಾಳಿಗೆ ಓಡುವ ಹಾಯಿಹಲಗೆಯ ಮೇಲೆ ನಿಂತು ಕೆರೆಯನ್ನು ಒಂದು ಸುತ್ತು ಹಾಕಿಯೇ ತೀರುತ್ತೇನೆಂದು ನಾನು ಶಪಥ ಮಾಡಿದ್ದು ಹೊಲಿಗೆ ಯಂತ್ರದ ಮುಂದೆ ಕೂತು. ಅರ್ಧ ಆಯುಷ್ಯ ಬಟ್ಟೆಯನ್ನು ಹೇಳಿದ ಹಾಗೆ ಕುಣಿಸಿದವಳು ನಾನು. ಎಂಥ ಜಾರುವ ರೇಷ್ಮೆಯೂ ನನ್ನ ಕತ್ತರಿ ಕಂಡರೆ ತೆಪ್ಪಗಾಗುತ್ತದೆ. ಹಾಯಿ ಎಂದರೇನು, ಕಂಬಕ್ಕೆ ತೊಡಿಸಿದ ಅಂಗಿ ತಾನೆ?

ನಮ್ಮ ಯಜಮಾನರು ಗಡಿಯಾರ ರಿಪೇರಿ ಮಾಡುವವರು. ಸೋಡಾಬುಡ್ಡಿ ಕನ್ನಡಕ, ಅಳೆದು ತೂಗಿದ ಮಾತು. ರಜೆ ಬಂದರೆ ಸಾಕು, ಹಲಗೆ ಹತ್ತಿ ಹಾಯಿ ಹಿಡಿದು ಹೊರಟುಬಿಡುತ್ತಾರೆ. ನಾನು ದಡದಲ್ಲಿ ಅವರ ಚಪ್ಪಲಿ ಕಾಯುತ್ತೇನೆ. ಕಾದದ್ದು ಸಾಕಾಗಿತ್ತು.

ಆ ಭಾನುವಾರ ದೋಣಿ ಕಟ್ಟುವ ಜೆಟ್ಟಿಯ ಮೇಲೆ ಎಲ್ಲವನ್ನೂ ನಾನೇ ಜೋಡಿಸಿದೆ. ಕಂಬಕ್ಕೆ ಹಾಯಿ ತೊಡಿಸಿ, ಹಿಡಿಕೋಲು ಬಿಗಿದು, ಬುಡವನ್ನು ಹಲಗೆಗೆ ಸಿಕ್ಕಿಸಿ, ಹಗ್ಗ ಎಳೆದೆ. ಹಾಯಿಯನ್ನು ಮೊದಲು ನೀರಿನ ಮೇಲೆ ಮಲಗಿಸಬೇಕು, ಜೆಟ್ಟಿಯ ಮೇಲೆ ನಿಲ್ಲಿಸಬಾರದು ಎಂದು ಅವರು ಮೆಲ್ಲಗೆ ಹೇಳಿದರು. ನನ್ನ ಫಿಟ್ಟಿಂಗಿನಲ್ಲಿ ಬಾಯಿ ಹಾಕಬೇಡಿ ಎಂದೆ. ಸುಕ್ಕು ಉಳಿದಿದೆಯೇ ನೋಡೋಣವೆಂದು ಹಾಯಿಯನ್ನು ಎತ್ತಿ ನಿಲ್ಲಿಸಿದೆ.

ಗಾಳಿ ಬಂತು. ಹಾಯಿ ಗಿರ್ರನೆ ತಿರುಗಿ ಯಜಮಾನರ ಕೆನ್ನೆಗೆ ಬಾರಿಸಿತು. ಕನ್ನಡಕ ನೀರಿಗೆ ಬಿತ್ತು. ಹಿಡಿಯಲು ಬಾಗಿದ ನಾನೂ ಹಾಯಿ, ಹಲಗೆಗಳ ಸಮೇತ ಅದರ ಹಿಂದೆಯೇ ಹೋದೆ.

ಹೇಗೋ ಹಲಗೆ ಹತ್ತಿದೆ. ಆದರೆ ಹಾಯಿ ಮೈಮೇಲೆ ನೀರು ಹೊತ್ತು ಎಮ್ಮೆಯಂತೆ ಮಲಗಿಬಿಟ್ಟಿತ್ತು. ಎತ್ತಲು ಹೋದರೆ ನಾನು ಬೀಳುತ್ತೇನೆ. ಬಿಟ್ಟು ಕೂತರೆ ಗಾಳಿ ನನ್ನನ್ನು ದೂರ ತಳ್ಳುತ್ತದೆ. ಬಿದ್ದೆ, ಹತ್ತಿದೆ, ಮತ್ತೆ ಬಿದ್ದೆ. ಜೆಟ್ಟಿ ಅಂಗಿಯ ಗುಂಡಿಯಷ್ಟಾಯಿತು. ರಟ್ಟೆ ಸೋತಿತು. ಇನ್ನು ದಡ ಕಾಣುವ ಯೋಗ ನನಗಿಲ್ಲವೆಂದು ಹಲಗೆಯನ್ನು ತಬ್ಬಿಕೊಂಡು ಅತ್ತೆ.

ಅಷ್ಟರಲ್ಲಿ ಅವರು ದೋಣಿಯಲ್ಲಿ ಹುಟ್ಟು ಹಾಕುತ್ತಾ ಬರುವುದು ಕಂಡಿತು. ಹೋದ ಜೀವ ಬಂತು. ಬಂದ ಜೀವ ಮತ್ತೆ ಹೋಯಿತು, ಏಕೆಂದರೆ ದೋಣಿ ನನ್ನ ಬಳಿ ಬರಲೇ ಇಲ್ಲ. ದೋಣಿಗಳಿಗೆ ಗುರುತಿಗೆಂದು ತೇಲಿಬಿಟ್ಟಿದ್ದ ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಡ್ರಮ್ಮಿನ ಪಕ್ಕ ಹೋಗಿ ನಿಂತಿತು. ನನ್ನ ಲೈಫ್ ಜಾಕೆಟ್ಟೂ ಅದೇ ಬಣ್ಣ. ಕೂಗಿ ಕೂಗಿ ಗಂಟಲು ಕಟ್ಟಿತು. ಗಾಳಿ ಅವರ ಮಾತನ್ನು ನನಗೆ ತಲುಪಿಸುತ್ತಿತ್ತೇ ಹೊರತು ನನ್ನದನ್ನು ಅವರಿಗೆ ಒಯ್ಯುತ್ತಿರಲಿಲ್ಲ.

"ಹೆದರ್ಬೇಡ, ನಾನ್ ಬಂದಿದ್ದೀನಿ," ಎನ್ನುತ್ತಿದ್ದರು ಡ್ರಮ್ಮಿಗೆ. "ತಪ್ಪು ನಂದೇ. ಇಷ್ಟು ವರ್ಷ ನಿನ್ನ ದಡದಲ್ಲಿ ಕೂರಿಸಿ ನಾನೊಬ್ಬನೇ ಹೋಗ್ತಿದ್ದೆ. ನಿಂಗೂ ಆಸೆ ಇರುತ್ತೆ ಅಂತ ಹೊಳೀಲೇ ಇಲ್ಲ."

ಮದುವೆಯಾದಾಗಿನಿಂದ ಅವರ ಬಾಯಿಂದ ಇಷ್ಟುದ್ದದ ಮಾತು ಬಂದದ್ದು ಅದೇ ಮೊದಲು. ಅದು ಸಂದದ್ದು ಡ್ರಮ್ಮಿಗೆ! ಅವರು ಅದರ ಬೆನ್ನು ಸವರಿದರು. ತುಸು ತಡೆದು, ಬೆರಳು ಮಡಿಸಿ ತಟ್ಟಿದರು. ಡಬ್ ಎಂದಿತು.

ಕೊನೆಗೂ ದೋಣಿ ನನ್ನತ್ತ ಬಂತು. ಅವರು ನನ್ನನ್ನು ಒಳಗೆ ಎಳೆದುಕೊಂಡ ಮೇಲೆ, ಬಿಕ್ಕುತ್ತಲೇ ಕೇಳಿದೆ:

"ನಂಗೂ ಆ ಡ್ರಮ್ಮಿಗೂ ವ್ಯತ್ಯಾಸ ಗೊತ್ತಾಗ್ಲಿಲ್ವೇನ್ರೀ?"

"ಅನುಮಾನ ಬಂತು ಕಣೇ," ಎಂದರು ಯಜಮಾನರು, ಕೆನ್ನೆ ಸವರಿಕೊಳ್ಳುತ್ತಾ. "ತಪ್ಪು ನಂದೇ ಅಂತ ಒಪ್ಕೊಂಡ್ ಮೇಲೂ ಒಂದ್ ಮಾತು ಬಯ್ಲಿಲ್ಲ. ಅದಕ್ಕೇ ತಟ್ಟಿ ನೋಡ್ದೆ."