ಅಳತೆ ಕಚೇರಿಯ ಕಂಬಕ್ಕೆ ಒರಳು ಕೊಟ್ಟದ್ದು

ಸಾವಿರದ ಒಂಬೈನೂರ ನಲವತ್ತೆರಡರಲ್ಲಿ ಶ್ರೀನಿವಾಸಪುರದ ಅಳತೆ ಕಚೇರಿಗೆ ಮಹಡಿ ಕಟ್ಟಲಾಯಿತು. ಕೆಳಗಿನದು ಹಳೇ ಛತ್ರ, ಮಣ್ಣಿನ ಗೋಡೆ. ಕಬ್ಬಿಣವೆಲ್ಲ ಯುದ್ಧಕ್ಕೆ ಹೋಗಿತ್ತು. ದಫ್ತರಗಳನ್ನು ಮೇಲಕ್ಕೆ ಸಾಗಿಸಿದ ದಿನವೇ ತೊಲೆ ಬಾಗಿತು. ಆಧಾರಕ್ಕೆ ಟೇಕಲ್ಲಿನ ಕಲ್ಲುಗಣಿಯಿಂದ ಕಲ್ಲುಕಂಬ ತರಿಸಿದರು. ಕಚೇರಿಯ ಸ್ವಂತ ಕೋಲಿನಿಂದ ಅಳೆದು ತರಿಸಿದ್ದು. ಒಂದೂವರೆ ಅಡಿ ಗಿಡ್ಡವಿತ್ತು.

ನಾನು ಅಲ್ಲಿ ಕಲ್ಲುಕೆಲಸದವನು. ಓವರ್ಸಿಯರ್ ಕೋದಂಡರಾಮಪ್ಪನವರು, "ಏಮಯ್ಯಾ ಮುನಿಯಲ್ಲಪ್ಪ, ನಿಮ್ಮನೇಲಿ ಒರಳಿದೆಯಲ್ಲ, ಒಂದು ದಿನಕ್ಕೆ ಕೊಡು, ಕಂಬದಡಿ ಇಡೋಣ" ಅಂದರು. ಕೊಟ್ಟೆ. ರುಬ್ಬುವ ಗುಂಡು ಮನೆಯಲ್ಲೇ ಉಳಿಯಿತು.

"ಸಾಯಂಕಾಲಕ್ಕೆ ತಂದ್ಬಿಡಯ್ಯಾ, ಉದ್ದು ನೆನೆಹಾಕಿದ್ದೀನಿ" ಅಂದಳು ನನ್ನ ಹೆಂಡತಿ ಅಕ್ಕಯಮ್ಮ.

ಎರಡು ವರ್ಷ ಪಕ್ಕದ ಮುತ್ಯಾಲಮ್ಮನ ಮನೆಯಲ್ಲಿ ರುಬ್ಬಿದಳು. "ನನ್ನ ಒರಳು ಸರ್ಕಾರನ್ನೇ ಹೊತ್ಕೊಂಡೈತೆ ಕಣಯ್ಯಾ, ನಿನ್ನ ದೋಸೆಗೆ ಅದಕ್ಕೆಲ್ಲಿ ಪುರುಸೊತ್ತು" ಅಂತ ನಗುತ್ತಿದ್ದಳು. ಮಾಘದಲ್ಲಿ ಜ್ವರ ಬಂತು. ಹೋದಳು.

ಆಮೇಲೆ ಒರಳು ವಾಪಸು ಬೇಕೆಂದು ಅರ್ಜಿ ಕೊಟ್ಟೆ. ಮೂರು ಸಲ. ಉತ್ತರ ಬಂತು:

"ಅರ್ಜಿದಾರನ ಮೂರೂ ಅರ್ಜಿಗಳನ್ನು ಮಹಡಿಯಲ್ಲಿ ಇರಿಸಲಾಗಿದೆ. ಇದರಿಂದ ಮಹಡಿಯ ಭಾರ ಹೆಚ್ಚಿರುತ್ತದೆ. ಆದಕಾರಣ ಸದರಿ ಒರಳು ಮೊದಲಿಗಿಂತ ಅವಶ್ಯವಾಗಿರುತ್ತದೆ. ಇನ್ನು ಮುಂದೆ ಅರ್ಜಿದಾರನು ತೆಳು ಕಾಗದ ಬಳಸತಕ್ಕದ್ದು."

ತೆಳು ಕಾಗದದಲ್ಲಿ ನಾಲ್ಕನೆಯದು ಬರೆಸಿದೆ. ತಪಾಸಣೆಗೆ ಬಂದರು. ಓವರ್ಸಿಯರು ಬಗ್ಗಿ ನೋಡಿ, ಒರಳಿನ ನಡುವೆ ಗುಳಿ ಇದೆ ಎಂದು ಕಂಡುಹಿಡಿದರು. ಕಂಬದ ಕೆಳಗೆ ಗುಳಿ ಇದ್ದರೆ ಅಪಾಯ. ಅದಕ್ಕೆ ಸರಿಯಾಗಿ ಕೂರುವ ಕಲ್ಲು ಬೇಕು.

"ಅದಕ್ಕೇ ಅಂತ ಮಾಡಿದ ಕಲ್ಲು ನಿಮ್ಮನೇಲಿ ಇರಬೇಕಲ್ಲಯ್ಯಾ?"

"ಐತೆ ಸ್ವಾಮಿ. ಅದನ್ನ ಇಡಕ್ಕೆ ಕಂಬ ಎತ್ತಬೇಕು. ಎತ್ತಿದಾಗ ನನ್ನ ಒರಳು ನನಗೆ ಕೊಟ್ಟು, ಬೇರೆ ಕಲ್ಲು ಇಡಬೋದಲ್ಲ?"

"ಲೇ, ಮಂಜೂರಾಗಿರೋದು ಇಡೋದಕ್ಕೆ ಕಣೋ. ತೆಗೆಯೋದು ಬೇರೆ ಇಲಾಖೆ."

ಮನೆಗೆ ಹೋದೆ. ಗುಂಡು ಮೂಲೆಯಲ್ಲಿ ಒಂದೇ ನಿಂತಿತ್ತು. ಹೊತ್ತು ತಂದೆ.

ನಾಲ್ಕು ಸರ್ವೆ ಮರದ ಗಳ ಆನಿಸಿ ತೊಲೆ ಎತ್ತಿದೆವು. ಕಂಬ ಸರಿಸಿ ಗುಂಡು ಕೂರಿಸಿದೆ. ಅದರ ತಲೆ ಒರಳಿಂದ ಒಂದು ಗೇಣು ಮೇಲೆ ನಿಂತಿತು. "ಕೊಚ್ಚಿ ಹಾಕು" ಅಂದರು. ಅಲ್ಲೇ ಅಕ್ಕಯಮ್ಮ ಕೈಯಿಟ್ಟು ತಿರುಗಿಸುತ್ತಿದ್ದುದು. ನುಣುಪಾಗಿತ್ತು.

"ಕಂಬ ಕೊಚ್ತೀನಿ ಸ್ವಾಮಿ. ಎತ್ತರ ಒಂದೇ ಆಗ್ತದೆ."

ಓವರ್ಸಿಯರು ಯೋಚಿಸಿದರು. ಒಪ್ಪಿದರು. ಗಿಡ್ಡ ಕಂಬ ಇನ್ನೂ ಗಿಡ್ಡವಾಯಿತು. ಒರಳು, ಗುಂಡು, ಕಂಬ ಮೂರೂ ಸೇರಿ ಕಚೇರಿಯ ಕೋಲಿಗೆ ಮೊದಲ ಸಲ ಅಳತೆ ಸರಿಬಂತು.

ಈಗ ತೊಲೆ ನೆಟ್ಟಗಿದೆ. ಕಂಬದ ಮೇಲೆ ಫಲಕ ಹಾಕಿದ್ದಾರೆ: "ಇಲ್ಲಿ ರುಬ್ಬುವುದನ್ನು ನಿಷೇಧಿಸಲಾಗಿದೆ." ಊರವರು ಯಾರೂ ಅಲ್ಲಿ ರುಬ್ಬುವುದಿಲ್ಲ.

ವರ್ಷಕ್ಕೊಮ್ಮೆ, ಮಾಘದಲ್ಲಿ, ತಪಾಸಣೆಗೆ ನನ್ನನ್ನು ಕರೆಸುತ್ತಾರೆ. ನುಣುಪಿನ ಜಾಗದಲ್ಲಿ ಕೈ ಇಡುತ್ತೇನೆ.

"ಹೆಂಗದೆ?"

"ಜೋಡಿ ಗಟ್ಟಿಯಾಗೈತೆ ಸ್ವಾಮಿ."

ಬರೆದುಕೊಳ್ಳುತ್ತಾರೆ. ಆ ಕಾಗದವನ್ನೂ ಮಹಡಿಯಲ್ಲಿ ಇಡುತ್ತಾರೆ.