ಫೋಟೋ ತಲುಪಿತು, ಲಕ್ಷಣವಾಗಿದ್ದೀರಿ

ನನಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಮೊಬೈಲು ಪರದೆಯ ಮೇಲಿರುವುದನ್ನೆಲ್ಲ ಓದಿ ಹೇಳುತ್ತದೆ, ನಾನು ಕೇಳಿಸಿಕೊಂಡು ವಾಟ್ಸಾಪು, ಫೇಸ್‌ಬುಕ್ಕು ನಡೆಸುತ್ತೇನೆ. ನಡುವೆ ಇಂಥವು ವಾರಕ್ಕೊಂದಾದರೂ ಆಗುತ್ತವೆ.

೧

ಯಗಟಿಯಿಂದ ಕಡೂರಿಗೆ ಆಫೀಸಿಗೆ ಬಸ್ಸಿನಲ್ಲಿ ಹೋಗುತ್ತಿದ್ದೆ. ಕಿವಿಯಲ್ಲಿ ಇಯರ್‌ಫೋನು, ಪರದೆ ಪೂರಾ ಆರಿಸಿದ್ದೆ. ಪಕ್ಕದ ಅಜ್ಜಿ ಕಂಡಕ್ಟರನ್ನು ಕರೆದರು.

"ಪಾಪ, ಈ ಹುಡ್ಗಿ ಕೆಟ್ಟೋಗಿರೋ ಮೊಬೈಲ್ ಉಜ್ತಾ ಕೂತವ್ಳೆ. ಯಾರಾದ್ರೂ ಹೇಳ್ರಪ್ಪಾ."

"ಕೆಟ್ಟಿಲ್ಲ ಅಜ್ಜಿ. ನಂಗೆ ಬೆಳಕು ಬೇಡ. ಆರಿಸಿದ್ರೆ ಚಾರ್ಜ್ ಉಳೀತದೆ" ಎಂದೆ.

ಅಜ್ಜಿ ಹತ್ತಿರ ಸರಿದು ಕೇಳಿದರು: "ಹಂಗಾರೆ ನಿಮ್ಮನೆ ಕರೆಂಟ್ ಬಿಲ್ಲೂ ಕಮ್ಮಿ ಬತ್ತದಾ?"

೨

ಯಾರು ತೀರಿಕೊಂಡರೂ ನನ್ನ ಸೋದರಮಾವ ಮನೆಯವರ ಗ್ರೂಪಿಗೆ ಸಾಲುಸಾಲು ಅಳುವ ಮುಖ, ಮುಗಿದ ಕೈ ಹಾಕುತ್ತಾರೆ. ಒಂದನ್ನೂ ಬಿಡದೆ ಓದುವುದು ನನ್ನ ಮೊಬೈಲಿನ ಗುಣ. ಆಫೀಸಿನಲ್ಲಿ ಒಂದು ದಿನ ಇಯರ್‌ಫೋನು ಕಳಚಿತ್ತು, ನನಗೆ ಗೊತ್ತಾಗಲಿಲ್ಲ. "ಜೋರಾಗಿ ಅಳುವ ಮುಖ, ಜೋರಾಗಿ ಅಳುವ ಮುಖ, ಮುಗಿದ ಕೈಗಳು, ಮುಗಿದ ಕೈಗಳು..."

ಎದುರಿಗೇ ನಿಂತಿದ್ದ ಸಾಹೇಬರು ಹೇಳಿದರು: "ರಜ ಬೇಕಾದ್ರೆ ನೇರವಾಗಿ ಕೇಳಮ್ಮಾ. ಮೊಬೈಲ್ ಕೈಲಿ ಯಾಕೆ ಬೇಡಿಸ್ತೀಯಾ?"

೩

ಅಜ್ಜಂಪುರದ ಸಂಗೀತ ಮೇಷ್ಟ್ರು ಒಬ್ಬರು ನಮ್ಮಂಥವರ ಗ್ರೂಪಿನಲ್ಲಿ ಪರಿಚಯವಾದರು. ಅವರಿಗೂ ಕಣ್ಣು ಕಾಣುವುದಿಲ್ಲ. ನಾಲ್ಕು ತಿಂಗಳು ವಾಯ್ಸ್ ಮೆಸೇಜಿನಲ್ಲೇ ಮಾತಾಡಿ ಇಬ್ಬರಿಗೂ ಮನಸ್ಸಾಗಿತ್ತು. ಇದು ತಪ್ಪಿಹೋದರೆ ಎಂಬ ಭಯವೂ ನನಗಿತ್ತು. ಅಮ್ಮ ಮಾತ್ರ ಬಿಡಲಿಲ್ಲ.

"ಫೋಟೋ ಕೊಡ್ದೆ, ಈಸ್ಕಳ್ದೆ ಸಂಬಂಧ ಮಾಡ್ತಾರೇನೇ?"

ಕಡೂರಿನ ಸ್ಟುಡಿಯೋದಲ್ಲಿ ರೇಷ್ಮೆ ಸೀರೆ ಉಡಿಸಿ ತೆಗೆಸಿದರು. ಸ್ಟುಡಿಯೋದವರು ಅದನ್ನು ಮೊಬೈಲಿಗೆ ಹಾಕಿಕೊಟ್ಟರು. ನನ್ನ ಮೊಬೈಲು ಯಾವ ಫೋಟೋ ಬಂದರೂ "ಫೋಟೋ" ಅಂತಷ್ಟೇ ಓದುತ್ತದೆ. ಕೊನೆಗೆ ಬಂದದ್ದು ಎಲ್ಲಕ್ಕಿಂತ ಮೊದಲಿರುತ್ತದೆ ಎಂಬ ಅಂದಾಜಿನಲ್ಲಿ, ಮನೆಗೆ ಬಂದು ಊಟ ಮುಗಿಸಿ ಮೊದಲನೆಯದನ್ನೇ ಕಳಿಸಿದೆ.

ತಕ್ಷಣ ಮೇಷ್ಟ್ರ ಉತ್ತರ: "ಫೋಟೋ ತಲುಪಿತು. ತುಂಬಾ ಲಕ್ಷಣವಾಗಿದ್ದೀರಿ. ನನಗೆ ಪೂರ್ತಿ ಒಪ್ಪಿಗೆ."

ಅವರ ಫೋಟೋವೂ ಬಂತು. ಅಮ್ಮ ನೋಡಿ ಹೇಳಿದಳು: "ಹುಡುಗ ಚೆನ್ನಾಗವ್ನೆ. ಆದ್ರೆ ಕ್ಯಾಮೆರಾ ಕಡೆ ನೋಡ್ತಾನೇ ಇಲ್ಲ ಕಣೇ. ಜಂಬ ಇರ್ಬೇಕು."

ಸಂಜೆ ಅಪ್ಪನ ಮೊಬೈಲಿಗೆ ಮೇಷ್ಟ್ರ ತಾಯಿಯ ಫೋನು. "ನಿಮ್ಮ ಹುಡುಗಿಗೆ ಕೊಂಬು ಐತಲ್ರೀ!"

ಅಪ್ಪ ಹೌಹಾರಿದ. "ಅಯ್ಯೋ, ಅದು ನಮ್ ಟಗರು ಕಣ್ರೀ!" ಮಧ್ಯಾಹ್ನ ನಾನು ಊಟಕ್ಕೆ ಕೂತಿದ್ದಾಗ ವ್ಯಾಪಾರಿಗೆ ತೋರಿಸಲೆಂದು ನನ್ನ ಮೊಬೈಲಿನಲ್ಲೇ ಟಗರಿನ ಫೋಟೋ ತೆಗೆದಿದ್ದನಂತೆ.

ಆ ಕಡೆ ಫೋನು ಕಟ್ಟಾಯಿತು. ಸಂಬಂಧ ಮುರಿಯಿತು ಎಂದುಕೊಂಡೆ. ಅಳು ಬಂತು. ಅರ್ಧ ಗಂಟೆಗೆ ಮೇಷ್ಟ್ರ ವಾಯ್ಸ್ ಮೆಸೇಜು ಬಂತು.

"ಒಪ್ಗೆ ಅಂತ ಹೇಳಾಗೈತೆ, ಮಾತು ಬದಲಾಯಿಸಲ್ಲ. ಮದುವೆ ನಿಮ್ಮ ಜೊತೇನೇ. ಬೀಗರೂಟಕ್ಕೆ ಮಾತ್ರ ಆ ಟಗರು ಕಡೀಬೇಡಿ ಅಂತ ನಿಮ್ಮಪ್ಪಂಗೆ ಹೇಳಿ. ನಾನು ಮೊದ್ಲು ಒಪ್ಪಿದ್ದು ಅವರನ್ನೇ."